ಜೂನ್ ಒಂದರ ಹುಡುಗ

ಸಮೋಸಾ ತಿಂದ ಎಣ್ಣೆಗೈಯಲ್ಲೇ ಆಲ್ವಿನ್ ದೀಪಕನ ಪಾಸ್‌ಪೋರ್ಟ್ ನಕಲನ್ನು ಎತ್ತಿ ಖೋಟಾ ನೋಟು ನೋಡುವವನ ಹಾಗೆ ಬೆಳಕಿಗೆ ಹಿಡಿದ. ಕಾಗದದ ಮೂಲೆಯಲ್ಲಿ ಹಳದಿ ಹೆಬ್ಬೆಟ್ಟು ಮೂಡಿತು. ಶೇಖಪ್ಪನ ಕಣ್ಣು ಆ ಕಲೆಯ ಮೇಲೇ ನಿಂತಿತು.

"ಜೂನ್ ಒಂದು!" ಆಲ್ವಿನ್ ನಕ್ಕ. "ನಿಮ್ಮ ಕಡೆಯವರೆಲ್ಲ ಜೂನ್ ಒಂದಕ್ಕೇ ಹುಟ್ಟುವುದಾ ಮಾರಾಯ್ರೆ? ನಿಮ್ಮದು ಯಾವಾಗ?"

ಶೇಖಪ್ಪನದೂ ಜೂನ್ ಒಂದೇ. ಊರಿನ ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿನ ಮೇಲೆ ಬರೆದುಕೊಂಡದ್ದು. ಆ ವರ್ಷ ಸೇರಿದ ಇಪ್ಪತ್ತು ಮಕ್ಕಳೂ ಹಾಗೆ ಒಂದೇ ದಿನ ಹುಟ್ಟಿದ್ದರು.

ಮದೀನತ್ ಜಾಯೆದ್‌ನಿಂದ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಈ ಕಚೇರಿಗೆ ಎರಡು ಗಂಟೆ ಕಾರು ಓಡಿಸಿಕೊಂಡು ಬಂದಿದ್ದ ಅವನು. ಅಲ್ಲಿನ ಶಾಲೆಯ ಪಿ.ಟಿ. ಮಾಸ್ತರ; ದೀಪಕ ಅವನ ಶಿಷ್ಯ. ಎದುರಿಗೆ ಕೂತ ಆಲ್ವಿನ್ ಖಾಸಗಿ ಹೈಸ್ಕೂಲುಗಳ ಅಥ್ಲೆಟಿಕ್ ಲೀಗಿಗೆ ಅದು ಹುಟ್ಟಿದಂದಿನಿಂದ ಕಾರ್ಯದರ್ಶಿ. ಕಳೆದ ವಾರ, 2015ರ ಕೂಟದಲ್ಲಿ, ಹದಿನಾರರೊಳಗಿನವರ ನಾನೂರು ಮೀಟರ್ ಓಟವನ್ನು ದೀಪಕ ಗೆದ್ದಿದ್ದ. ಎರಡನೆಯವನು ಡಿಕ್ಸನ್, ಆಲ್ವಿನ್‌ನ ಒಬ್ಬನೇ ಮಗ. ಮೂರನೇ ದಿನಕ್ಕೆ ನೋಟಿಸು ಬಂತು: ದೀಪಕನ ವಯಸ್ಸಿನ ಬಗ್ಗೆ ದೂರಿದೆ. ದೂರು ಕೊಟ್ಟವರ ಹೆಸರಿಲ್ಲ.

ನಿಯಮ ಸರಳ. 1999ರ ಜನವರಿ ಒಂದಕ್ಕಿಂತ ಮೊದಲು ಹುಟ್ಟಿದವರು ಓಡುವಂತಿಲ್ಲ. ತಪ್ಪಿದರೆ ಪದಕ ಹೋಯಿತು, ಎರಡು ವರ್ಷ ನಿಷೇಧ. ದೀಪಕನಿಗೆ ಅದ್ಯಾವುದರ ಚಿಂತೆಯೂ ಇರಲಿಲ್ಲ. "ಇನ್ನ ಮ್ಯಾಲ ನನ್ನ ಎಲ್ಲಾರೂ ಕಳ್ಳ ಅಂತಾರೇನ್ರಿ ಸರ್?" ಅಂತ ಒಂದೇ ಮಾತು ಕೇಳಿ ಅತ್ತಿದ್ದ. ಎರಡು ದಿನದಿಂದ ಸರಿಯಾಗಿ ಉಂಡಿಲ್ಲವಂತೆ.

"ಇದು ತಾಲೂಕು ಆಸ್ಪತ್ರೆ ಕಾರ್ಡ್ರೀ," ಶೇಖಪ್ಪ ಪ್ಲಾಸ್ಟಿಕ್ ಕವರನ್ನು ಮುಂದೆ ಸರಿಸಿದ. "ಅವರವ್ವ ಬಸವ್ವ ಇಷ್ಟ ವರ್ಷ ಜ್ವಾಕಿ ಮಾಡಿ ಇಟ್ಟಾಳ. ಖರೇನ ತೊಂಬತ್ತೊಂಬತ್ತರ ಜೂನ್ ಒಂದಕ್ಕ ಹುಟ್ಟ್ಯಾನ್ರಿ ಹುಡುಗ."

ಆಲ್ವಿನ್ ಕವರನ್ನು ಬಿಚ್ಚಲೇ ಇಲ್ಲ. "ಇಂಥದ್ದು ಊರಲ್ಲಿ ಒಂದು ಟೀ ಕುಡಿಸಿದ್ರೂ ಸಿಗ್ತದೆ. ಹುಡುಗನ ಮೀಸೆ ನೋಡಿದ್ದೀರಾ ನೀವು?"

ಥೂ, ಇದೆಂಥ ಮಾತು! ಆದರೆ ಆ ಮೀಸೆ ನೋಡಿ ಒಂದು ಗಳಿಗೆ ಶೇಖಪ್ಪನಿಗೂ ಅನುಮಾನ ಬಂದದ್ದುಂಟು. ಅದು ನೆನಪಾಗಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಆಲ್ವಿನ್‌ಗೆ ಫೋನು ಬಂತು. ಕಿಟಕಿಯ ಹತ್ತಿರ ಹೋಗಿ ಗಹಗಹಿಸತೊಡಗಿದ. ಕೈಗೆ ಕೆಲಸವಿಲ್ಲದೆ ಶೇಖಪ್ಪ ಮೇಜಿನ ಮೇಲಿದ್ದ ಲೀಗಿನ ಸ್ಮರಣ ಸಂಚಿಕೆಯನ್ನು ಎಳೆದುಕೊಂಡ. ರಟ್ಟಿನ ಮೇಲೆ ಬಂಗಾರದ ಅಕ್ಷರ: ಸ್ಥಾಪನೆ, ಶುಕ್ರವಾರ, 18 ಡಿಸೆಂಬರ್ 1998. ಗೋಡೆಯ ಬ್ಯಾನರಿನಲ್ಲೂ ಅದೇ, ಚಹಾ ಕಪ್ಪಿನ ಮೇಲೂ ಅದೇ. ಒಳಗೆ ಲೀಗಿನ ಚರಿತ್ರೆ, ಬರೆದವರು ಆಲ್ವಿನ್. ಇದೇ ಬೀದಿಯ ತಮ್ಮ ಫ್ಲ್ಯಾಟಿನಲ್ಲಿ ಆ ದಿನ ಮಗನಿಗೆ ಹೆಸರಿಡುವ ಜ್ಞಾನಸ್ನಾನದ ಊಟವಿತ್ತಂತೆ. ಬಂದಿದ್ದ ಆರು ಮಂದಿ ಪಿ.ಟಿ. ಮಾಸ್ತರರು ಊಟವನ್ನು ಆರಲು ಬಿಟ್ಟು, ಟಿಶ್ಯೂ ಪೇಪರಿನ ಮೇಲೆ ಲೀಗಿನ ನಿಯಮ ಗೀಚಿದರಂತೆ. ಜೊತೆಗೆ ಪುಟದ ತುಂಬ ಫೋಟೋ: ಬಿಳಿ ಲೇಸಿನ ಅಂಗಿಯ ಕೂಸು ಆಲ್ವಿನ್‌ನ ತೋಳಿನಲ್ಲಿ, ಹಿಂದೆ ಸಾಲಾಗಿ ಮಾಸ್ತರರು. ಇದು ಲೀಗಿನ ಚರಿತ್ರೆಯೋ ಇವನ ಮನೆಯ ಆಲ್ಬಮ್ಮೋ?

ಕೊನೆಯ ಪುಟದಲ್ಲಿ ಚಾಂಪಿಯನ್ನರ ಪಟ್ಟಿ. ನಾನೂರು ಮೀಟರ್, 2015. ಡಿಕ್ಸನ್.

ಶೇಖಪ್ಪ ಮತ್ತೊಮ್ಮೆ ಓದಿದ. ವಿಚಾರಣೆ ಇವತ್ತು. ತೀರ್ಪು ಆಗಲೇ ಅಚ್ಚಾಗಿ ಹೋಗಿದೆ!

"ಮೇಡಂ, ಇದನ್ನ ಯಾವಾಗ ಹಂಚಿದ್ರಿ?"

ಪಕ್ಕದಲ್ಲಿ ಕೂತಿದ್ದ ಲೀಗಿನ ಅಧ್ಯಕ್ಷೆ, ಪ್ರಿನ್ಸಿಪಾಲ್ ಝುಲೈಖ, ತಲೆ ತಗ್ಗಿಸಿದರು. "ನಿನ್ನೆ. ಇಪ್ಪತ್ತೆರಡು ಶಾಲೆಗಳಿಗೂ ಹೋಗಿದೆ. ಕೊನೆಯ ಪುಟ ನಾನೂ ಈಗಲೇ ನೋಡಿದ್ದು ಶೇಖಪ್ಪ."

ಇಷ್ಟು ವರ್ಷ ಈ ಮನುಷ್ಯನಿಗೆ ಕೈ ಮುಗಿದು 'ಸರ್' ಅಂದದ್ದೆಲ್ಲ ನೆನಪಾಗಿ ಶೇಖಪ್ಪನ ಬಾಯಿ ಕಹಿಯಾಯಿತು. ಅಲ್ಲೇ ಉಗುಳಬೇಕು ಅನ್ನಿಸಿತು. ನುಂಗಿಕೊಂಡ.

ಆಲ್ವಿನ್ ಫೋನು ಮುಗಿಸಿ ಬಂದ. "ಯಲ್ಲಾ, ಮುಗಿಸುವ." ಟೈಪು ಮಾಡಿಟ್ಟಿದ್ದ ಹಾಳೆಯನ್ನು ಗಟ್ಟಿಯಾಗಿ ಓದಿದ. ದೀಪಕನ ದಾಖಲೆ ನಂಬಲು ಯೋಗ್ಯವಲ್ಲ. ಪದಕ ಡಿಕ್ಸನ್‌ಗೆ. ಡಿಕ್ಸನ್ ಹುಟ್ಟಿದ್ದು 1999ರ ಜನವರಿ ಒಂಬತ್ತು. ದಾಖಲೆ ಪರಿಶೀಲಿಸಿದವರು ಕಾರ್ಯದರ್ಶಿ.

"ಕಾರ್ಯದರ್ಶಿ ಅಂದ್ರೆ ನೀವೇ ಅಲ್ವಾ?" ಝುಲೈಖ ಮೆಲ್ಲಗೆ ಕೇಳಿದರು.

"ಮತ್ತೆ ಯಾರು? ನಮ್ಮ ಚರಿತ್ರೆಯಲ್ಲಿ ಒಂದೇ ಒಂದು ಸುಳ್ಳು ತಾರೀಖು ಇರಬಾರದು ಮೇಡಂ. ಆ ಪುಸ್ತಕದ ಒಂದೊಂದು ತಾರೀಖೂ ನಾನೇ ಚೆಕ್ ಮಾಡಿದ್ದು." ಪೆನ್ನನ್ನು ಶೇಖಪ್ಪನ ಕಡೆ ಉರುಳಿಸಿದ. "ಸೈನ್ ಹಾಕಿ ಮಾಸ್ಟ್ರೇ. ಖಲಾಸ್."

ಶೇಖಪ್ಪ ಪೆನ್ನು ತೆಗೆದುಕೊಂಡ. ಬಸವ್ವನ ಕವರಿನ ಮೇಲೆ ಎಣ್ಣೆ ಹತ್ತಿತ್ತು. ಅಂಗಿಯ ತುದಿಯಿಂದ ಒರೆಸಿದ. ಕಣ್ಣು ಹಾಳೆಯ ಮೇಲಿನ ಜನವರಿ ಒಂಬತ್ತಕ್ಕೆ ಹೋಯಿತು. ಅಲ್ಲಿಂದ ಗೋಡೆಯ ಡಿಸೆಂಬರ್ ಹದಿನೆಂಟಕ್ಕೆ, ಗೋಡೆಯಿಂದ ಚಹಾ ಕಪ್ಪಿಗೆ. ಪೆನ್ನು ಕೆಳಗಿಟ್ಟ. ಸಂಚಿಕೆಯನ್ನು ಫೋಟೋದ ಪುಟಕ್ಕೆ ತಿರುಗಿಸಿ ಝುಲೈಖ ಮೇಡಂ ಮುಂದೆ ಇಟ್ಟು, ಬಿಳಿ ಲೇಸಿನ ಕೂಸಿನ ಮೇಲೆ ಬೆರಳಿಟ್ಟ.

"ನಾವು ಎಲ್ಲಾರೂ ಜೂನ್ ಒಂದಕ್ಕ ಹುಟ್ತೀವಿ, ಖರೇ ಐತ್ರಿ ಆಲ್ವಿನ್ ಸರ್. ಆದ್ರ ಹುಟ್ಟಿದ ಮ್ಯಾಲ ಹೆಸರಿಡ್ತೀವಿ. ನಿಮ್ಮ ಮನ್ಯಾಗ ಕೂಸು ಹುಟ್ಟೂದಕ್ಕ ಮೂರು ವಾರ ಮೊದಲ ಜ್ಞಾನಸ್ನಾನ ಮಾಡಿಸಿ, ಎತ್ತಿಕೊಂಡು ಫೋಟೋನೂ ತಗಸ್ತೀರೇನ್ರಿ?"