ನಸುಕಿನ ಚರಗ

ಎಳ್ಳ ಅಮಾವಾಸ್ಯೆಯ ನಸುಕು. ಮೂಡಲು ಇನ್ನೂ ಬೆಳ್ಳಗಾಗಿರಲಿಲ್ಲ. ಸವದತ್ತಿ ಕಡೆಯ ಹಿನ್ನೀರಿನ ದಂಡೆ, ಲಗಮಣ್ಣನ ಕಡಲೆ ಹೊಲದ ಬದು. ಹಕ್ಕಿಗಳ ಫೋಟೋ ತೆಗೆಯಲೆಂದು ನಿನ್ನೆ ಬೆಳಗಾವಿಯಿಂದ ಬಂದಿದ್ದ ಹುಡುಗ ಸಾಗರ ಮುಕ್ಕಾಲಿ ನಿಲ್ಲಿಸಿ, ಅದರ ಮೇಲೆ ಮೊಳದುದ್ದದ ದುರ್ಬೀನು ಕೂಡಿಸಿ, ದುರ್ಬೀನಿನ ಕಣ್ಣಿಗೆ ಮೊಬೈಲು ಸಿಕ್ಕಿಸಿದ್ದ. ದಂಡೆ ಆಚೆಗೆ ತಿರುಗುವಲ್ಲಿ ದೂರದೇಶದ ಬಾತುಗಳು ಹಿಂಡಾಗಿ ಕುಳಿತಿದ್ದವು. ಬರಿಗಣ್ಣಿಗೆ ಅವು ಎರೆಮಣ್ಣಿನ ಹೆಂಟೆಗಳಂತೆ ಕಾಣುತ್ತಿದ್ದವು.

"ಬೆಳಕ ಸಾಲೂದಿಲ್ಲಲ್ಲರಿ," ಎಂದ ಲಗಮಣ್ಣ.

"ಇದಕ್ಕ ಸಾಲತೈತಿ ಅಜ್ಜಾ. ಅಲಗಾಡದಂಗ ತುಸು ಹೊತ್ತ ಬಿಟ್ರ ಕತ್ತಲಿ ಅನ್ನೂದು ಹಗಲ ಆಗತೈತಿ. ನೀವು ಕೆಮ್ಮಬ್ಯಾಡ್ರಿ, ಹಕ್ಕಿ ಬೆದರತಾವು."

ಲಗಮಣ್ಣ ಕೆಮ್ಮು ನುಂಗಿಕೊಂಡ. ಆದರೆ ದುರ್ಬೀನಿನ ಮೂತಿ ಬಾತುಗಳ ಹಿಂಡಿನ ಎಡತುದಿಗೆ, ಜಾಲಿಕಂಟಿಯ ಕಡೆ ಸರಿದಾಗ ಸುಮ್ಮನಿರಲಾಗಲಿಲ್ಲ. "ಆ ಕಡೆ ಹಚ್ಚಬ್ಯಾಡ್ರಿ ಸಾಹೇಬ್ರ. ಹೆಣ್ಮಕ್ಕಳು ಚರಗಿ ತಗೊಂಡ ಬರೂ ಹೊತ್ತು."

ಚಳಿಗೆ ಸಾಗರ ಉಣ್ಣೆಯ ಟೊಪ್ಪಿಗೆಯನ್ನು ಕಿವಿ ಮುಚ್ಚುವ ಹಾಗೆ ಎಳೆದುಕೊಂಡಿದ್ದ. "ಚರಗಾ? ಹೌದಲ್ಲ, ಇವತ್ತ ಅಮಾಸಿ! ಭೂಮಿತಾಯಿಗೆ ಎಡಿ ಚೆಲ್ಲಾಕ ಇಷ್ಟ ಲಗೂನ ಬರ್ತಾರು? ಭಾರಿ ಆತು ಬಿಡ್ರಿ!"

"ಚರಗ ಅಲ್ಲರಿ, ಅದೂ..." ಎಂದ ಲಗಮಣ್ಣ. ನೀರಿನ ತಂಬಿಗೆ ಹಿಡಿದು ಹೆಂಗಸರು ಬಯಲಿಗೆ ಬರುತ್ತಾರೆ ಎಂದು ಪರಊರಿನವನ ಮುಂದೆ ಬಿಡಿಸಿ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಸಾಗರ ಫೋಟೋ ತೆಗೆದು, "ನಸುಕಿನ ಚರಗ" ಎಂದು ಕೆಳಗೆ ಬರೆದು, ಗೆಳೆಯರ ಗ್ರೂಪಿಗೆ ಕಳಿಸಿಯೂ ಬಿಟ್ಟಿದ್ದ.

ಲಗಮಣ್ಣನ ಹೆಂಡತಿ ಬೀರವ್ವ ಚರಗಿ ಹಿಡಿದು ಬದುವಿನ ಮೇಲೆ ಹಾಯ್ದು ಬರುತ್ತಿದ್ದಳು. ಸಾಗರ ಹಿಗ್ಗಿನಿಂದ ಮೊಬೈಲು ಅವಳತ್ತ ಚಾಚಿದ. "ನೋಡ್ರಿ ಅಮ್ಮಾ, ನಿಮ್ಮೂರ ಹೆಣ್ಮಕ್ಕಳ ಭಕ್ತಿ! ಭೂಮಿಗೆ ಕೈ ಮುಗ್ಯಾಕ ಹೆಂಗ ಬಗ್ಗಿ ಕುಂತಾರ!"

ಬೀರವ್ವ ನೋಡಿದಳು. ನಡುಹಗಲಿನಷ್ಟು ಬೆಳಕು. ಮುಂದೆ ಬಾತು, ಹಿಂದೆ ಜಾಲಿಕಂಟಿ, ಅದರ ಬುಡದಲ್ಲಿ ಹಳದಿ ಶಾಲು. ಕಳೆದ ಬೇಸಿಗೆಯಲ್ಲಿ ಮನೆ ತುಂಬಿದ ಸೊಸೆ ಭಾಗ್ಯಾ.

"ಅಳಸು."

ಅವಳ ಕೈಯ ಚರಗಿ ಕಂಡ ಮೇಲೆ ಸಾಗರನಿಗೆ ತಿಳಿಯಿತು. "ಅಳಸತೇನಿ ಅಮ್ಮಾ... ಆದ್ರ ಒಂದಿಷ್ಟ ಮಂದಿ ನೋಡ್ಯಾರ. ನಾ ಹಕ್ಕಿ ಸಲುವಾಗಿ..."

"ಹಕ್ಕಿ ಬೆದರಬಾರದಂತ ಮುದುಕಗ ಕೆಮ್ಮಾಕ ಬಿಡಲಿಲ್ಲ ನೀ. ನಿನ್ನೆ ನಮ್ಮ ನಾಯಿ ಕಟ್ಟಿಸಿದಿ. ನಮಗ ಇದ್ದದ್ದ ಒಂದ ಕದಾ ತಮ್ಮಾ, ಈ ಕತ್ತಲಿ. ಅದನ್ನೂ ಕಿತ್ತ ಮಂದಿ ಕೈಯಾಗ ಕೊಟ್ಟೆಲ್ಲ!" ಗಂಡನ ಕಡೆ ತಿರುಗಿದಳು. "ನೀವೇನ ನೆಲಾ ನೋಡತೀರಿ? ಹಿತ್ತಲದಾಗಿನ ಪಾಯಖಾನಿಗೆ ಕದಾ ಹಚ್ಚರಿ, ನೀರ ಮಾಡ್ರಿ ಅಂದ್ರ ಕಡ್ಲಿ ಹೊಟ್ಟ ತುಂಬಿ ಇಟ್ಟೀರಿ. ಹೊಟ್ಟ ತೋಯಬಾರದಲ್ಲ!"

"ನಾ ಹೇಳೇನಿ, ಅವಗ ಕೇಳಲಿಲ್ಲ..."

"ಅರ್ಧಾ ಹೇಳೀರಿ."

ಸಾಗರ ಮುಕ್ಕಾಲಿ ಮಡಚಿ, ಹೊತ್ತು ಏರುವ ಮೊದಲೇ ಊರು ಬಿಟ್ಟ. ಬಾತುಗಳು ಕದಲಲಿಲ್ಲ.

ಮಧ್ಯಾಹ್ನ ಹೊಲಕ್ಕೆ ಒಯ್ಯುವ ಚರಗದ ಬುಟ್ಟಿಗೆ ಸಜ್ಜಿ ರೊಟ್ಟಿ, ಕಡಬು ತುಂಬಿಟ್ಟು, ಅತ್ತೆಯ ಬಾಯಿಂದ ಫೋಟೋದ ಸುದ್ದಿ ಕೇಳಿದ್ದ ಭಾಗ್ಯಾ ತನ್ನ ಚೀಲ ಹಿಡಿದು ಹೊರಬಂದಳು. ಸುರೇಬಾನ ಅವಳ ತವರು.

"ಅಮಾಸಿ ದಿನ ಸೊಸಿ ಹೊಸ್ತಿಲಾ ದಾಟಿ ಹೋಗಬಾರದವ್ವಾ," ಎಂದ ಲಗಮಣ್ಣ.

"ದಿನಾ ನಸಕಿನ್ಯಾಗ ದಾಟತಿದ್ನೆಲ್ಲರಿ ಮಾವಾರ. ಒಂದ ದಿನಾನೂ ಬ್ಯಾಡ ಅನಲಿಲ್ಲ ನೀವು."

ಅಮಾವಾಸ್ಯೆಯ ದಿನವೇ ಹೋದಳು. ಬಸ್ಸು ನಿಲ್ಲುವಲ್ಲಿಯವರೆಗೆ ಅವಳ ಚೀಲ ಹೊತ್ತು ಮುಂದೆ ನಡೆದವಳು ಬೀರವ್ವ.