ಬಿಳಿ ಮುಚ್ಚಳದ ಡಬ್ಬಿ

ತುಕಾರಾಮನ ಕುದುರೆಯ ಬೆನ್ನಿನ ಗಾಯ ಪೂರ್ತಿ ಮಾಯ್ದಿದ್ದನ್ನು ಕಂಡು ಡಾಕ್ಟರ್ ಶಾಂಭವಿಗೆ ಮೈಯೆಲ್ಲ ಉರಿದುಹೋಯಿತು. ಪಶುವೈದ್ಯೆಯೊಬ್ಬಳು ಕುದುರೆ ಗುಣವಾಯಿತೆಂದು ಸಿಟ್ಟಾದಳೆಂದರೆ ಕೇಳಿದವರು ನಕ್ಕಾರು. ಆದರೆ ಬಿಜಲಿ ಎಂಬ ಈ ಕುದುರೆ ಇಷ್ಟು ಬೇಗ ಗುಣವಾಗುವಂತಿರಲಿಲ್ಲ. ಅವಳ ಸಂಶೋಧನೆಗೆ ಬೇಕಾಗಿದ್ದದ್ದೇ ಮಾಯದೆ ಉಳಿದ ಅದರ ಗಾಯ.

ಸಿದ್ಧೇಶ್ವರ ಗುಡಿಯ ಹತ್ತಿರದ ಟಾಂಗಾ ಸ್ಟ್ಯಾಂಡಿನಲ್ಲಿ, ಜೀನು ತಿಕ್ಕಿ ಬೆನ್ನು ಹುಣ್ಣಾಗದ ಕುದುರೆ ಸಿಗುವುದೇ ಅಪರೂಪ. ಆ ಹುಣ್ಣಿಗೆಂದೇ ಶಾಂಭವಿ ಹೊಸ ಮುಲಾಮು ತಯಾರಿಸಿದ್ದಳು. ಅದು ನಿಜಕ್ಕೂ ಗುಣ ಕೊಡುತ್ತದೆಂದು ತೋರಿಸಬೇಕಾದರೆ ಅರ್ಧ ಕುದುರೆಗಳಿಗೆ ಮುಲಾಮು, ಇನ್ನರ್ಧಕ್ಕೆ ಬರೀ ವ್ಯಾಸಲೀನು ಹಚ್ಚಿಸಿ ಹೋಲಿಸಿ ನೋಡಬೇಕು. ಮುಲಾಮಿನ ಡಬ್ಬಿಗೆ ಕೆಂಪು ಮುಚ್ಚಳ, ವ್ಯಾಸಲೀನಿನ ಡಬ್ಬಿಗೆ ಬಿಳಿ ಮುಚ್ಚಳ. ಟಾಂಗಾದವರಿಗೆ ಮಾತ್ರ ಎರಡೂ ಔಷಧವೇ ಎಂದು ಹೇಳಿಬಿಟ್ಟಿದ್ದಳು. ಚೀಟಿ ಎತ್ತಿದಾಗ ತುಕಾರಾಮನಿಗೆ ಬಿಳಿ ಡಬ್ಬಿ ಬಂತು, ಅವನ ಮಗ್ಗುಲಲ್ಲೇ ಟಾಂಗಾ ನಿಲ್ಲಿಸುವ ಅಲ್ಲಾಉದ್ದೀನನಿಗೆ ಕೆಂಪು. ಅವರಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಯಾವುದೋ ಸವಾರಿಯ ಸಲುವಾಗಿ ಜಗಳಾಡಿ ಮಾತು ಬಿಟ್ಟವರು, ಬೀಡಿಗೆ ಬೆಂಕಿಯನ್ನೂ ಕೇಳುತ್ತಿರಲಿಲ್ಲ. ಇಂಥವರ ನಡುವೆ ಡಬ್ಬಿ ಕೈ ಬದಲಾಗುವ ಭಯವಿಲ್ಲವೆಂದು ಅವಳು ನಿಶ್ಚಿಂತಳಾಗಿದ್ದಳು.

ಈಗ ಸ್ಟ್ಯಾಂಡಿನ ಉದ್ದಕ್ಕೂ ದಡದಡ ನಡೆದು ಒಂದೊಂದೇ ಕುದುರೆಯ ಬೆನ್ನು ನೋಡಿದಳು. ಬಿಳಿ ಡಬ್ಬಿಯ ಕುದುರೆಗಳೆಲ್ಲ ಕೆಂಪು ಡಬ್ಬಿಯವುಗಳ ಹಾಗೆಯೇ ಮಾಯುತ್ತಿದ್ದವು. ಹೋಲಿಸಲು ಒಂದಾದರೂ ಉಳಿದಿರಲಿಲ್ಲ. ಮೂರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಹೊಸ ಮುಲಾಮು ಒಳ್ಳೆಯದೆಂದು ಅವಳ ಕಣ್ಣಿಗೇ ಕಾಣುತ್ತಿತ್ತು. ಆದರೆ ಇನ್ನು ಅದನ್ನು ಜಗತ್ತಿಗೆ ಹೇಳುವ ಹಾಗಿರಲಿಲ್ಲ. ಯಾರು ಈ ಕೆಲಸ ಮಾಡಿದ್ದು ಎಂದು ಗದರಿದಳು.

ಅಲ್ಲಾಉದ್ದೀನ ಮುಚ್ಚಿಡಲಿಲ್ಲ. ಬಿಜಲಿಯ ಗಾಯ ನೋಡಲಾಗದೆ ತನ್ನ ಡಬ್ಬಿಯನ್ನು ದಿನಾ ಮುಂಜಾನೆ ತುಕಾರಾಮನ ಟಾಂಗಾದ ಮೇಲಿಟ್ಟು ಹೋಗುತ್ತಿದ್ದುದಾಗಿ, ಅವನು ಹಚ್ಚಿ ಡಬ್ಬಿಯನ್ನು ಮತ್ತೆ ಅಲ್ಲೇ ಇಡುತ್ತಿದ್ದುದಾಗಿ ಹೇಳಿದ. ಅದನ್ನು ನೋಡಿ ಉಳಿದವರೂ ಹಂಚಿಕೊಂಡರಂತೆ.

"ನೀವಿಬ್ಬರೂ ಮಾತ ಬಿಟ್ಟೀರಲ್ಲ?" ಶಾಂಭವಿ ಕೇಳಿದಳು.

"ಅವನ ಕೂಡ ಬಿಟ್ಟೇನ್ರಿ ಬಾಯಾರ. ಕುದುರಿ ಏನ ಮಾಡೈತಿ?"

ಆ ಸಮಾಧಾನದ ಮಾತು ಕೇಳಿ ಅವಳ ಸಿಟ್ಟು ನೆತ್ತಿಗೇರಿತು. ಯಾವ ಡಬ್ಬಿ ಯಾರಿಗೆ ಅನ್ನುವುದಕ್ಕೆ ಕಾರಣವಿತ್ತು, ಬಿಳಿ ಡಬ್ಬಿಯಲ್ಲಿ ಔಷಧವೇ ಇರಲಿಲ್ಲ, ಅದರಲ್ಲಿದ್ದದ್ದು ಬರೀ ವ್ಯಾಸಲೀನು ಎಂದು ಒಂದೇ ಉಸಿರಿಗೆ ಒದರಿಬಿಟ್ಟಳು. ಬಾಯಿಂದ ಬಿದ್ದ ಮೇಲೆ ತುಟಿ ಕಚ್ಚಿಕೊಂಡಳು.

ಅಲ್ಲಿಯವರೆಗೆ ಬಿಜಲಿಯ ಕೊರಳು ಸವರುತ್ತ ನಿಂತಿದ್ದ ತುಕಾರಾಮನ ಕೈ ನಿಂತಿತು. ಅವನು ಆ ಬಿಳಿ ಡಬ್ಬಿಯನ್ನು ದೇವರ ಜಗಲಿಯ ಮೇಲೆ ಭಂಡಾರದ ಅರಿಶಿನದ ಬಟ್ಟಲಿನ ಪಕ್ಕದಲ್ಲಿಟ್ಟಿದ್ದ. ಗಾಯವನ್ನು ಬಿಸಿನೀರಿನಲ್ಲಿ ತೊಳೆದು, ಬೆರಳು ತಾಗಿದರೆ ನೊಂದೀತೆಂದು ಅರಳೆಯಿಂದ ಹಚ್ಚುತ್ತಿದ್ದ. ಗಾಯ ಮಾಯದಿದ್ದಾಗ ತನ್ನ ಕೈಗುಣವೇ ಕೆಟ್ಟದ್ದೆಂದು ಹೆಂಡತಿಯ ಕೈಯಿಂದಲೂ ಹಚ್ಚಿಸಿದ್ದ.

"ಗಾಯದಾಗ ಹುಳಾ ಬಿದ್ದಾಗ ನೀವ ಬಂದು ತಗದ್ರಿ," ಎಂದ. ದನಿ ಏರಿರಲಿಲ್ಲ, ಕಣ್ಣು ಮಾತ್ರ ಕೆಂಡವಾಗಿದ್ದವು. "ತಗದು, ಇದನ್ನ ಹಚ್ಚು ಅಂತ ಅದ ಡಬ್ಬಿ ಮತ್ತ ನನ್ನ ಕೈಯಾಗ ಕೊಟ್ರಿ. ಗೊತ್ತಿದ್ದೂ ಕೊಟ್ರಲ್ಲ?"

ಶಾಂಭವಿಗೆ ಆ ದಿನ ನೆನಪಿತ್ತು. ಚಿಮಟದಿಂದ ಒಂದೊಂದೇ ಹುಳ ತೆಗೆಯುವಾಗ ಕೆಂಪು ಡಬ್ಬಿ ಅವಳ ಚೀಲದಲ್ಲೇ ಇತ್ತು. ಕೈ ಚೀಲದವರೆಗೆ ಹೋಗಿ, ಇನ್ನು ಸ್ವಲ್ಪ ದಿನವಷ್ಟೇ ಎಂದುಕೊಂಡು ಹಿಂದಕ್ಕೆ ಬಂದಿತ್ತು. ತಪ್ಪು ತನ್ನದೇ ಎಂದು ಗೊತ್ತಾದಾಗ ಬರುವ ಸಿಟ್ಟು ಎಲ್ಲಕ್ಕಿಂತ ಕೆಟ್ಟದ್ದು. ಅವಳ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. "ಇದು ಗುಣಾ ಮಾಡತೈತಿ ಅಂತ ಪುರಾವೆ ಸಿಕ್ಕಿದ್ರ ಊರೂರಿನ ಕುದುರಿಗೆ ಸಿಗತಿತ್ತು. ಅದನ್ನ ನೀವು ಹಾಳ ಮಾಡಿದ್ರಿ."

"ಅಲ್ಲೀತನಕಾ ನಮ್ಮುವು ಕೊಳೀಬೇಕೇನ್ರಿ?" ಎಂದು ಅಲ್ಲಾಉದ್ದೀನ ಕೇಳಿದ. ಅವಳು ಹೇಳಿದ್ದು ಸುಳ್ಳಲ್ಲವೆಂದು ಅವನಿಗೂ ಅನ್ನಿಸಿತೇನೋ, ಕೇಳಿ ನೆಲ ನೋಡಿದ. ಶಾಂಭವಿ ಚೀಲದ ಬಾಯಿ ಜಗ್ಗಿ ಮುಚ್ಚಿ ಹೊರಟವಳು ಎರಡು ಹೆಜ್ಜೆ ಹೋಗಿ ತಿರುಗಿದಳು.

"ನಿಮ್ಮ ಸಹವಾಸ ಸಾಕು. ಮುಂದಿನ ಸಲ ಮುಲಾಮು ಬಬಲೇಶ್ವರದಾಗ, ವ್ಯಾಸಲೀನು ಘೋಣಸಗ್ಯಾಗ. ಒಬ್ಬರ ಮಾರಿ ಒಬ್ಬರು ನೋಡಬಾರದು, ಹಂಗ ಮಾಡತೇನಿ."

ಅವಳ ಸ್ಕೂಟರು ಇನ್ನೂ ಗುಡಿಯ ತಿರುವು ದಾಟಿರಲಿಲ್ಲ. ಘೋಣಸಗಿಯಲ್ಲಿ ತುಕಾರಾಮನ ಬೀಗರಿದ್ದರು, ಅವರ ಮನೆಯಲ್ಲೊಂದು ಕುದುರೆಯಿತ್ತು. ಅವನು ಜೇಬಿನಿಂದ ಫೋನು ತೆಗೆದ. ಅಲ್ಲಾಉದ್ದೀನನೂ ತೆಗೆದ, ಅವನ ತಂಗಿಯನ್ನು ಬಬಲೇಶ್ವರದ ಟಾಂಗಾದವರ ಮನೆಗೆ ಕೊಟ್ಟಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿಕೊಂಡು ನಿಂತರು. ಒಬ್ಬ, ಬಿಳಿ ಡಬ್ಬಿ ಕೊಟ್ಟರೆ ಇಸಗೋಬ್ಯಾಡ್ರಿ ಎನ್ನುತ್ತಿದ್ದ. ಇನ್ನೊಬ್ಬ, ಕೆಂಪು ಡಬ್ಬಿ ಕೊಟ್ಟರೆ ಅರ್ಧ ತಗದು ಘೋಣಸಗಿ ಬಸ್ಸಿಗೆ ಕೊಟ್ಟು ಕಳಸು ಎನ್ನುತ್ತಿದ್ದ.