ಹಾಡಿನ ಹಕ್ಕುದಾರರು

"ಅತ್ತೆ, ನಿಜ ಹೇಳ್ರಿ. ಈ ಹಾಡು ಎಲ್ಲಿ ಕೇಳಿ ಕಲ್ತ್ರಿ? ನನ್ನ ಫೋನ್‌ನಾಗೇನು?"

ಸುನೀತಾ ಫೋನನ್ನು ಅತ್ತೆ ಶಂಕರಮ್ಮನ ಮೂಗಿನ ಹತ್ತಿರ ಹಿಡಿದಿದ್ದಳು. ಹೋದ ವರ್ಷ ಶಂಕರಮ್ಮ ಜೋಳ ಕೇರುತ್ತಾ ಹಾಡಿದ್ದನ್ನು ಸುನೀತಾಳೇ ವಿಡಿಯೊ ಮಾಡಿ ಇಂಟರ್‌ನೆಟ್ಟಿಗೆ ಹಾಕಿದ್ದಳು. ಇವತ್ತು ಅದನ್ನು ತೆಗೆದುಹಾಕಿದ್ದಾರೆ. ಹಾಡಿನ ಹಕ್ಕು ಯಾವುದೋ ಮ್ಯೂಸಿಕ್ ಕಂಪನಿಯದಂತೆ. ಸೊಕ್ಕೆ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಬೆಳಗ್ಗೆಯಿಂದ ಅದೇ ಜಗಳ. 'ಮುದುಕಿ ಯಾರ್ದೋ ಹಾಡು ಕದ್ದೈತೆ' ಎಂದು ಒಬ್ಬ ಬರೆದಿದ್ದ. ಅದಕ್ಕೆ ನಗುವ ಮುಖ ಹಾಕಿದವರಲ್ಲಿ ಸುನೀತಾಳ ಮೈದುನನೂ ಇದ್ದ.

"ನಮ್ಮವ್ವ ಹಾಡ್ತಿದ್ಲು," ಎಂದಳು ಶಂಕರಮ್ಮ.

"ಸಿಕ್ಕಾಕ್ಕೊಂಡ್ರೆ ಎಲ್ಲಾರೂ ಹಂಗೇ ಅಂತಾರೆ," ಎಂದು ಸುನೀತಾ ಕಂಪನಿಯ ಹಾಡು ಹಾಕಿದಳು. ಕೊಳಲು, ತಬಲಾ, ಮೇಲೆ ಕಂಪ್ಯೂಟರ್ ಹುಟ್ಟಿಸಿದ ಹುಡುಗಿಯ ನುಣುಪು ದನಿ. ಪದ ಒಂದೂ ಬಿಡದೆ ಅವೇ. ಶಂಕರಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟು ಕಿವಿಗೊಟ್ಟಳು. ಎರಡನೇ ನುಡಿಯ ನಡುವೆ ಆ ದನಿ ರಾಗವಾಗಿ ಎಳೆಯಿತು: "ಹುಶ್... ಹುಶ್... ಹಾಳಾದ್ ಕೋಳೀ..."

ಸುನೀತಾ ಆ ಸಾಲನ್ನು ಹಿಂದಕ್ಕೆಳೆದು ಮತ್ತೊಮ್ಮೆ ಹಾಕಿದಳು.

"ಅವತ್ತು ನನ್ನ ಮೊರಕ್ಕೆ ಬಾಯಿ ಹಾಕಿದ ಕೋಳಿ," ಶಂಕರಮ್ಮ ಕೇಳಿದಳು, "ಅವ್ರ ಮನೆಗೂ ಹೋಗಿತ್ತೇನೇ?"